ಮಾದ್ರೀನಾಗೆ ಬಂದ ಜ್ವರ

ಫಾಸ್ಟರ್ ಸಿಟಿ
2 ಮಾರ್ಚ್ 2025, ಭಾನುವಾರ

ಅಕ್ಕ,

ಈ ಹಾಳೆಗಳ ಫೋಟೋ ತೆಗೆದು ಸಿದ್ದರಾಜು ಭಾವನ ಫೋನಿಗೆ ಕಳಿಸುತ್ತಿದ್ದೇನೆ. ದೊಡ್ಡದು ಮಾಡಿಕೊಂಡು ಓದು. ಕಿವಿಯ ಮಿಷನ್ನು ಕುಯ್ ಎನ್ನುತ್ತದೆ ಎಂದು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀಯಂತೆ. ಹಾಗಿದ್ದ ಮೇಲೆ ನಾನು ಇಲ್ಲಿಂದ ಫೋನಿನಲ್ಲಿ ಅರಚಿ ಪಕ್ಕದ ಮನೆಯವರನ್ನು ಹೆದರಿಸುವುದಕ್ಕಿಂತ ಬರೆಯುವುದೇ ವಾಸಿ. ನಿನ್ನ ಅಂಗನವಾಡಿ ಮಕ್ಕಳ ಸ್ಲೇಟು ತಿದ್ದಿದ ಹಾಗೆ ನನ್ನ ಕಾಗುಣಿತ ತಿದ್ದಬೇಡ. ನನಗೆ ಹೊಟ್ಟೆ ಉರಿದಿದೆ. ಅದನ್ನು ಹೇಳಿಕೊಳ್ಳಲು ನನಗಿರುವುದು ನೀನೊಬ್ಬಳೇ.

ಎಲ್ವೀರಾ ನೆನಪಿದ್ದಾಳಲ್ಲ? ಮೆಕ್ಸಿಕೋದವಳು. ನೀನು ಬಂದಿದ್ದಾಗ ಮುಸುಕಿನ ಜೋಳದ ರೊಟ್ಟಿ ತಟ್ಟಿಕೊಟ್ಟಿದ್ದಳು, ನೀನು ‘ಇದಕ್ಕೆ ಹುಚ್ಚೆಳ್ಳು ಚಟ್ನಿ ಇರಬೇಕಿತ್ತು’ ಅಂದಿದ್ದೆ, ಅವಳೇ. ಲಾಸ್ಯಾಗೆ ಎರಡು ವರ್ಷವಿದ್ದಾಗ ಮಗು ನೋಡಿಕೊಳ್ಳಲು ಬಂದವಳು. ಈಗಲೂ ಮಂಗಳವಾರ, ಶುಕ್ರವಾರ ಬಂದು ಮನೆ ಸ್ವಚ್ಛ ಮಾಡಿ, ಒಂದಷ್ಟು ಅಡಿಗೆ ಮಾಡಿಟ್ಟು ಹೋಗುತ್ತಾಳೆ. ಅವಳ ಮಗಳು ಯಾರೆಲಿ ಆಗ ಕಂಕುಳ ಕೂಸು. ಅದನ್ನೂ ಜೊತೆಗೇ ಕರೆತರುತ್ತಿದ್ದಳು. ನಮ್ಮ ಲಾಸ್ಯಾ, ಯಾರೆಲಿ ಇಬ್ಬರೂ ನಮ್ಮ ಮನೆಯ ಹಾಲ್‌ನಲ್ಲೇ ಆಡಿ ಬೆಳೆದವರು.

ಆ ಯಾರೆಲಿಗೆ ಜೂನ್‌ನಲ್ಲಿ ಹದಿನೈದು ತುಂಬುತ್ತದೆ. ಇವರಲ್ಲಿ ಹೆಣ್ಣುಮಗುವಿಗೆ ಹದಿನೈದಾದರೆ ದೊಡ್ಡ ಹಬ್ಬ, ಕಿನ್ಸೆ ಅನ್ನುತ್ತಾರೆ. ಚರ್ಚಿನಲ್ಲಿ ಪೂಜೆ, ಆಮೇಲೆ ಹಾಲ್ ಬಾಡಿಗೆ ಹಿಡಿದು ಊಟ, ಕುಣಿತ. ಹುಡುಗಿಗೆ ರಾಣಿಯ ಹಾಗೆ ಅಲಂಕಾರ. ಮೊನ್ನೆ ಶುಕ್ರವಾರ ಎಲ್ವೀರಾ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ನನ್ನೆದುರು ಕುರ್ಚಿ ಎಳೆದುಕೊಂಡು ಕೂತಳು. ಹದಿನಾಲ್ಕು ವರ್ಷದಲ್ಲಿ ಅವಳು ಹಾಗೆ ಕೂತದ್ದು ನನಗೆ ನೆನಪಿಲ್ಲ. ಸಂಬಳ ಜಾಸ್ತಿ ಕೇಳುತ್ತಾಳೆ ಅಂದುಕೊಂಡೆ.

‘ಪದ್ಮಾ, ನೀವು ಯಾರೆಲಿಗೆ ಮಾದ್ರೀನಾ ಆಗ್ಬೇಕು. ಶೂ ಮಾದ್ರೀನಾ. ಚರ್ಚಲ್ಲಿ ಎಲ್ಲರ ಮುಂದೆ ಅವಳ ಶೂನ ದಿಂಬಿನ ಮೇಲೆ ಇಟ್ಕೊಂಡು ನಡ್ಕೊಂಡು ಬರಬೇಕು’ ಅಂದಳು.

ಅಕ್ಕ, ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ನೂರೈವತ್ತು ಜನರೆದುರು, ರೇಷ್ಮೆ ಸೀರೆ ಉಟ್ಟುಕೊಂಡು, ಮನೆಗೆಲಸದವಳ ಮಗಳ ಕೆರ ಹೊರಬೇಕಂತೆ ನಾನು! ಹಾರವೋ ಉಂಗುರವೋ ಹಿಡಿ ಅಂದಿದ್ದರೆ ಹಿಡಿಯುತ್ತಿದ್ದೆ. ಅವುಗಳಿಗೆ ಅವಳ ಅಣ್ಣನ ಹೆಂಡತಿ, ಅವರಿವರು ಇದ್ದಾರಂತೆ. ನನ್ನ ಪಾಲಿಗೆ ಮೆಟ್ಟು. ಸಲುಗೆ ಕೊಟ್ಟದ್ದು ಹೆಚ್ಚಾಯಿತು ಅನ್ನಿಸಿತು.

ಬಾಯಲ್ಲಿ ಮಾತ್ರ ‘ಓ, ಶೂರ್ ಎಲ್ವೀರಾ, ಸೋ ಸ್ವೀಟ್’ ಅಂದೆ. ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ನನಗೆ ಇನ್ನೂ ರೇಗಿತು.

ನಿನ್ನ
ಪದ್ಮಜಾ


ಮದ್ದೂರು
13 ಮಾರ್ಚ್ 2025

ಪದ್ಮಿ,

ತಿದ್ದಬೇಡ ಎಂದಿದ್ದೀಯ, ತಿದ್ದುವುದಿಲ್ಲ. ‘ಹೊಟ್ಟೆ’ಗೆ ಒತ್ತಕ್ಷರ ಸರಿಯಾಗಿ ಕೊಟ್ಟಿದ್ದೀಯ. ಮಿಕ್ಕಿದ್ದನ್ನು ಕೇಳಬೇಡ.

ನಿನ್ನ ಕಾಗದವನ್ನು ನಿಮ್ಮ ಭಾವನಿಗೂ ಓದಿ ಹೇಳಿದೆ. ಅವರು ‘ಪಾಪ, ಅಷ್ಟೆಲ್ಲ ಓದ್ಕಂಡು ಕೆರ ಹೊರಾದಾ’ ಎಂದು ನಗಾಡಿದರು. ನಾನು ನಗಲಿಲ್ಲ. ನಮ್ಮಲ್ಲಿ ಮೆಟ್ಟು ಹೊಸ್ತಿಲಾಚೆ, ನಿಜ. ಅವರು ದೇವರ ಮುಂದಕ್ಕೂ ಹಾಕಿಕೊಂಡೇ ಹೋಗುತ್ತಾರೆ. ನಾನೇ ಅಲ್ಲಿ ಕಣ್ಣಾರೆ ಕಂಡಿದ್ದೇನೆ. ನಮ್ಮ ಹೊಸ್ತಿಲನ್ನು ಕಿತ್ತುಕೊಂಡು ಹೋಗಿ ಅವರ ಬಾಗಿಲಿಗೆ ಯಾಕೆ ಇಡುತ್ತೀಯ?

ನೀನು ಬರೆದದ್ದು ನೋಡಿದರೆ ಇದು ನಮ್ಮ ಒಸಗೆಯ ಹಾಗೇ ಇದೆ. ನಾವು ದೊಡ್ಡವರಾದಾಗ ಸೋದರಮಾವ ಹಸಿ ಸೊಪ್ಪು ಕಡಿದು, ತಲೆ ಮೇಲೆ ಹೊತ್ತು ತಂದು ಗುಡ್ಲು ಹಾಕಿದ. ಸೊಪ್ಪು ಹೊರುವುದು ಕೂಲಿಯವರ ಕೆಲಸ ಎಂದು ಯಾವ ಮಾವನಾದರೂ ಅಂದದ್ದುಂಟಾ? ಸೊಪ್ಪು ತರಲು ತನ್ನನ್ನು ಕರೆಯಲಿಲ್ಲ ಎಂದು ನಮ್ಮ ಚಿಕ್ಕಮಾವ ಎರಡು ವರ್ಷ ಮಾತು ಬಿಟ್ಟಿದ್ದ, ಮರೆತೆಯಾ?

ಆ ಶೂ ಅಂದರೆ ಅವರಿಗೆ ಏನು, ಆ ಕೆಲಸಕ್ಕೆ ನಿನ್ನನ್ನೇ ಯಾಕೆ ಕರೆದಳು, ಬಾಯಿಬಿಟ್ಟು ಕೇಳು. ಕೇಳುವುದಕ್ಕೆ ಕಾಸು ಕೊಡಬೇಕಾಗಿಲ್ಲ. ಕೇಳಿ ತಿಳಿದ ಮೇಲೂ ಇಷ್ಟವಿಲ್ಲದಿದ್ದರೆ ಆಗುವುದಿಲ್ಲ ಎಂದುಬಿಡು. ಒಪ್ಪಿಕೊಂಡು ಒಳಗೇ ಕುದಿಯಬೇಡ. ನಿನಗೆ ಮೊದಲಿಂದ ಅದೊಂದು ರೋಗ.

ನಿನ್ನ ಅಕ್ಕ
ಸಣ್ಣತಾಯಮ್ಮ


ಫಾಸ್ಟರ್ ಸಿಟಿ
18 ಮೇ 2025, ಭಾನುವಾರ

ಅಕ್ಕ,

ತಡವಾಯಿತು, ಬೈಯಬೇಡ. ಆಫೀಸಿನಲ್ಲಿ ಹೊಸ ಔಷಧಿಯ ಕಾಗದಪತ್ರದ ಕೆಲಸ ತಲೆ ಮೇಲಿತ್ತು.

ಎಲ್ವೀರಾಳನ್ನು ಕೇಳಲಿಲ್ಲ. ಕೇಳಬೇಕೆಂದು ಎರಡು ಸಲ ಅಡಿಗೆಮನೆಗೆ ಹೋದೆ. ‘ಯಾಕೆ, ನಿಮಗೆ ಇಷ್ಟ ಇಲ್ವಾ’ ಎಂದು ಅವಳು ತಿರುಗಿ ಕೇಳಿದರೆ ಏನು ಹೇಳಲಿ ಎಂದು ಚಹಾ ಮಾಡಿಕೊಂಡು ವಾಪಸು ಬಂದೆ. ಲಾಸ್ಯಾಗೆ ಗೊತ್ತಿರಬಹುದೆಂದು ಅವಳನ್ನು ಕೇಳಿದರೆ ‘ಇಟ್ಸ್ ಆ್ಯನ್ ಆನರ್ ಅಮ್ಮ, ಜಸ್ಟ್ ಡೂ ಇಟ್’ ಎಂದು ಬಾಗಿಲು ಹಾಕಿಕೊಂಡಳು. ಯಾರೆಲಿಯ ಹಿಂದೆ ನಡೆಯುವ ಹುಡುಗಿಯರಲ್ಲಿ ಇವಳೂ ಒಬ್ಬಳು. ತಿಂಗಳಿಂದ ಮನೆ ತುಂಬ ಕುಣಿತದ ಅಭ್ಯಾಸ.

ಶೂ ಕೊಡಿಸುವುದೂ ಮಾದ್ರೀನಾಳೇ ಅಂತೆ. ‘ನಾವಿಬ್ಬರೂ ಹೋಗಿ ಆರಿಸೋಣ’ ಎಂದು ಎಲ್ವೀರಾ ರೆಡ್‌ವುಡ್ ಸಿಟಿಯ ಅಂಗಡಿಯೊಂದರ ಹೆಸರು ಹೇಳಿದ್ದಳು. ಮೀಟಿಂಗು ಇದೆ ಎಂದು ತಪ್ಪಿಸಿಕೊಂಡು ಆನ್‌ಲೈನಿನಲ್ಲಿ ತರಿಸಿದೆ. ಚೆನ್ನಾಗಿರುವುದನ್ನೇ ತರಿಸಿದ್ದೇನೆ, ಅದರಲ್ಲಿ ಕೈ ಬಿಗಿ ಹಿಡಿದಿಲ್ಲ. ಕರೆಯೋಲೆಯೂ ಬಂತು. ಚಿನ್ನದ ಅಕ್ಷರದಲ್ಲಿ ನನ್ನ ಹೆಸರಿದೆ. ವೆಂಕಟೇಶ್ ಅದನ್ನು ಫ್ರಿಜ್ಜಿಗೆ ಅಂಟಿಸಿ ದಿನಾ ‘ಏನಮ್ಮಾ, ಚಪ್ಪಲಿ ಪದ್ಮಜಾ’ ಎಂದು ತಮಾಷೆ ಮಾಡುತ್ತಾರೆ. ಮನೆಯೊಳಗಿನ, ಗಂಡ ಹೆಂಡಿರ ತಮಾಷೆ ತಾನೇ, ಸುಮ್ಮನಿದ್ದೆ.

ಕಳೆದ ವಾರ ಹಾಲ್‌ನಲ್ಲಿ ಅಭ್ಯಾಸವಿತ್ತು. ದಿಂಬು ಎಲ್ವೀರಾಳೇ ಹೊಲಿದದ್ದು, ಅಂಚಿಗೆ ಬಿಳಿ ಲೇಸು. ಅದನ್ನು ಎತ್ತಿ ಹಿಡಿದು ಹತ್ತು ಹೆಜ್ಜೆ ನಡೆದೆ, ಅಷ್ಟೇ. ಲಾಸ್ಯಾ ಅದರ ವಿಡಿಯೋ ಮಾಡಿ ಎಲ್ಲೋ ಹಾಕಿಬಿಟ್ಟಿದ್ದಾಳೆ. ನಿನ್ನೆ ನಮ್ಮ ಕನ್ನಡದವರ ಪಾಟ್‌ಲಕ್ಕಿಗೆ ಹೋಗಿದ್ದೆ. ಹಾಸನದ ಕಡೆಯ ಒಬ್ಬಾಕೆ ಎಲ್ಲರ ಮುಂದೆ ಕೇಳಿದಳು: ‘ಏನ್ರೀ ಪದ್ಮಜಾ, ಕೆಲಸದೋಳ ಮಗಳ ಶೂ ಹೊತ್ಕೊಂಡ್ ಓಡಾಡ್ತಿದ್ರಂತೆ? ನಮ್ಮನೆ ಶೂ ರ್‍ಯಾಕೂ ಹಾಳಾಗಿದೆ, ಸ್ವಲ್ಪ ಬರ್ತೀರಾ?’ ಬಿಸಿಬೇಳೆಬಾತ್ ಬಡಿಸುತ್ತಿದ್ದವರಿಂದ ಹಿಡಿದು ಎಲ್ಲರೂ ನಕ್ಕರು. ನಾನೂ ನಕ್ಕೆ ಅಕ್ಕ, ಎಲ್ಲರಿಗಿಂತ ಜೋರಾಗಿ.

ಜೂನ್ 14ಕ್ಕೆ ಇನ್ನು ನಾಲ್ಕು ವಾರ.

ಪದ್ಮಜಾ


ಫಾಸ್ಟರ್ ಸಿಟಿ
17 ಜೂನ್ 2025

ಅಕ್ಕ,

ಯಾರೆಲಿಯ ಹಬ್ಬ ಚೆನ್ನಾಗಿ ಆಯಿತಂತೆ. ನನಗೆ ಹೋಗಲಾಗಲಿಲ್ಲ. ಹಿಂದಿನ ದಿನದಿಂದ ಜ್ವರ, ನೂರಮೂರು ಡಿಗ್ರಿ. ಏಳಲೂ ಆಗುತ್ತಿರಲಿಲ್ಲ. ಶೂಗಳನ್ನು ಲಾಸ್ಯಾಳ ಕೈಯಲ್ಲಿ ಕಳಿಸಿದೆ. ಈಗ ಪರವಾಗಿಲ್ಲ. ಎಲ್ವೀರಾ ನಿನ್ನೆ ಕೆಲಸದ ದಿನವಲ್ಲದಿದ್ದರೂ ಕೋಳಿ ಸಾರು ಮಾಡಿ ತಂದುಕೊಟ್ಟಳು.

ಭಾವನ ಸಕ್ಕರೆ ಕಾಯಿಲೆ ಹೇಗಿದೆ? ಮಾವಿನಹಣ್ಣು ಮುಟ್ಟಲು ಬಿಡಬೇಡ.

ಪದ್ಮಜಾ


ಮದ್ದೂರು
27 ಜೂನ್ 2025

ಪದ್ಮಿ,

ನಿನಗೆ ಬಾಣಂತನದಲ್ಲಿ ಜ್ವರ ಬಂದಾಗಲೂ ಎಷ್ಟು ಡಿಗ್ರಿ ಎಂದು ನೀನು ಹೇಳಿದವಳಲ್ಲ. ಈಗ ನಾನು ಕೇಳುವ ಮೊದಲೇ ನೂರಮೂರು ಎಂದು ಬರೆದಿದ್ದೀಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ನನಗೆ ಕಿವಿ ಮಂದ, ಬೇರೇನೂ ಮಂದವಾಗಿಲ್ಲ. ನಿಜ ಬರಿ.

ಅಕ್ಕ


ಫಾಸ್ಟರ್ ಸಿಟಿ
20 ಜುಲೈ 2025, ಭಾನುವಾರ

ಅಕ್ಕ,

ಜ್ವರ ಬಂದಿರಲಿಲ್ಲ.

ಇಷ್ಟು ಬರೆಯಲು ಮೂರು ವಾರ ಹಿಡಿಯಿತು. ಪಾಟ್‌ಲಕ್ಕಿನ ನಗು ಕಿವಿಯಲ್ಲಿ ಕೂತುಬಿಟ್ಟಿತ್ತು. ಹಬ್ಬದಲ್ಲಿ ವಿಡಿಯೋ ತೆಗೆಯುವವರು ನಾಲ್ಕು ಜನ ಬರುತ್ತಾರೆ ಎಂದು ಲಾಸ್ಯಾ ಬೇರೆ ಹೇಳಿದಳು. ಶುಕ್ರವಾರ ಸಂಜೆ ಎಲ್ವೀರಾಗೆ ಮೆಸೇಜು ಕಳಿಸಿದೆ. ಬರಿ ಜ್ವರ ಅಂದರೆ ಮಾತ್ರೆ ನುಂಗಿ ಬನ್ನಿ ಅಂದಾಳು ಎಂದು ಡಿಗ್ರಿಯನ್ನೂ ಸೇರಿಸಿದೆ. ಅವಳು ಕೂಡಲೇ ಫೋನ್ ಮಾಡಿದಳು. ಎತ್ತಲಿಲ್ಲ. ಲಾಸ್ಯಾಗೆ ‘ಅಮ್ಮಂಗೆ ತುಂಬಾ ಹುಷಾರಿಲ್ಲ ಅಂತ ಹೇಳು’ ಅಂದೆ. ಅವಳು ನನ್ನ ಹಣೆ ಮುಟ್ಟಿ ನೋಡಿದಳು. ಶೂ ಡಬ್ಬ ತೆಗೆದುಕೊಂಡು ಹೋದಳು.

ಶನಿವಾರ ಅವರೆಲ್ಲ ಚರ್ಚಿನಲ್ಲಿದ್ದ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಗೊತ್ತಾ? ಅಂಗಡಿಯಿಂದ ತಂದ ಫ್ರೋಜನ್ ಅವರೆಕಾಳು ನೆನೆಹಾಕಿಕೊಂಡು ಹಿತಕುತ್ತಾ ಕೂತಿದ್ದೆ. ಹಾಡು ಬೇರೆ ಗುನುಗುತ್ತಿದ್ದೆ ಅಂತ ಕಾಣುತ್ತದೆ. ತಪ್ಪಿಸಿಕೊಂಡೆನಲ್ಲ ಎಂಬ ನಿರಾಳ.

ಲಾಸ್ಯಾ ಅಂದಿನಿಂದ ಹತ್ತು ದಿನ ಮಾತೇ ಆಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ವಿಡಿಯೋ ತಂದು ನನ್ನೆದುರು ಇಟ್ಟಳು. ನಾನು ಕಂಡದ್ದನ್ನು ಕಂಡ ಹಾಗೇ ಬರೆಯುತ್ತೇನೆ.

ಚರ್ಚಿನ ಮುಂದಿನ ಸಾಲಿನಲ್ಲಿ ಮಾದ್ರೀನಾಗಳಿಗೆ ಕುರ್ಚಿ. ಎಲ್ಲರಿಗೂ ಹೆಸರು ಬರೆದ ಚೀಟಿ, ಹೂವು. ನನ್ನ ಕುರ್ಚಿ ಖಾಲಿ. ಎಲ್ವೀರಾಳ ಅತ್ತಿಗೆ ‘ನಾನು ಹಿಡೀತೀನಿ’ ಎಂದು ದಿಂಬಿಗೆ ಕೈ ಚಾಚಿದಳಂತೆ. ಎಲ್ವೀರಾ ಬಿಡಲಿಲ್ಲ. ‘ಅದು ನನ್ನ ಕೊಮಾದ್ರೆಯ ಜಾಗ, ಅವಳಿಗೆ ಹುಷಾರಿಲ್ಲ, ಜಾಗ ಹಾಗೇ ಇರಲಿ’ ಅಂದಳಂತೆ. ಕೊಮಾದ್ರೆ ಅಂದರೆ ಏನೆಂದು ಲಾಸ್ಯಾ ಆಗ ಹೇಳಿದಳು. ಮಾದ್ರೀನಾ ಆದವಳು ಮಗುವಿಗೆ ಎರಡನೇ ತಾಯಿ, ಹೆತ್ತವಳಿಗೆ ಕೊಮಾದ್ರೆ. ನಂಟು, ಸಾಯುವ ತನಕ. ರಕ್ತಸಂಬಂಧದ ಹಾಗೇ ಲೆಕ್ಕ.

ದಿಂಬನ್ನು ಆ ಖಾಲಿ ಕುರ್ಚಿಯ ಮೇಲಿಟ್ಟರು. ಯಾರೆಲಿಯ ಅಪ್ಪ ಟೆಕ್ಸಾಸಿನಲ್ಲಿ ಬೇರೆ ಸಂಸಾರ ಮಾಡಿಕೊಂಡಿದ್ದಾನೆ. ಹಾಗಾಗಿ ಸೋದರಮಾವ ರೊಹೆಲಿಯೊ ಬಂದು, ಕುರ್ಚಿಯ ಮುಂದೆ ಬಗ್ಗಿ ಶೂ ಎತ್ತಿಕೊಂಡು, ಯಾರೆಲಿಯ ಮುಂದೆ ಮಂಡಿಯೂರಿ ಕೂತ. ಮಗುವಿನ ಚಪ್ಪಟೆ ಶೂ ಬಿಚ್ಚಿ, ಎತ್ತರದ ಹಿಮ್ಮಡಿಯ ಶೂ ತೊಡಿಸಿದ. ಹುಡುಗಿ ಎದ್ದು ನಿಂತಳು. ಇಷ್ಟೇ ಶಾಸ್ತ್ರ. ಮಗು ಹೆಂಗಸಾದಳು ಎಂದು ಅರ್ಥ. ಆಮೇಲೆ ಪಾದ್ರಿ ಏನೋ ಹೇಳಿದರು, ಇಡೀ ಚರ್ಚು ಎದ್ದು ನಿಂತು ತಲೆ ಬಗ್ಗಿಸಿತು. ‘ಇದೇನು’ ಎಂದು ಲಾಸ್ಯಾಳನ್ನು ಕೇಳಿದೆ.

‘ದೇ ಆರ್ ಪ್ರೇಯಿಂಗ್ ಫಾರ್ ಯುವರ್ ಫೀವರ್, ಅಮ್ಮ’ ಅಂದಳು. ನಂತರ ಕನ್ನಡದಲ್ಲೇ, ಒಂದೊಂದೇ ಮಾತು ಹುಡುಕಿಕೊಂಡು ಹೇಳಿದಳು: ‘ನಾನೂ ನಿಂತೆ. ನಾನೂ ಪ್ರೇ ಮಾಡ್ದೆ. ಎಲ್ಲರೂ ನನ್ನ ಹಗ್ ಮಾಡಿದ್ರು. ನೀನು ನನ್ನ ಕೈಲಿ ಸುಳ್ಳು ಹೇಳಿಸ್ದೆ.’

ಅಕ್ಕ, ಎಲ್ವೀರಾ ಕೋಳಿ ಸಾರು ತಂದದ್ದು ಬರೆದಿದ್ದೆನಲ್ಲ. ಆ ದಿನ ನಾನು ರಗ್ಗು ಹೊದ್ದು ಮಲಗಿದೆ. ಅವಳು ಪಕ್ಕದಲ್ಲಿ ಕೂತು ನಿಂಬೆಹಣ್ಣು ಹಿಂಡಿ ಚಮಚದಲ್ಲಿ ಕುಡಿಸಿದಳು. ಕುಡಿದೆ. ಅವಳು ಇಂದಿಗೂ ನಂಬಿದ್ದಾಳೆ. ವಾರಕ್ಕೆರಡು ಸಲ ಬರುತ್ತಾಳೆ, ಈಗ ಪದ್ಮಾ ಅನ್ನುವುದಿಲ್ಲ, ಕೊಮಾದ್ರೆ ಅನ್ನುತ್ತಾಳೆ. ಬಾಗಿಲಲ್ಲಿ ಆ ಮಾತು ಕೇಳಿದ ಕೂಡಲೇ ನನಗೆ ನೆಲ ಬಿರಿಯಬಾರದೇ ಅನ್ನಿಸುತ್ತದೆ. ಮಂಗಳವಾರ, ಶುಕ್ರವಾರ ಆಫೀಸಿನಲ್ಲೇ ಹೊತ್ತು ಕಳೆದು ಬರುತ್ತಿದ್ದೇನೆ.

ಏನು ಮಾಡಲಿ ಹೇಳು. ಬೈದರೂ ಸರಿ.

ಪದ್ಮಜಾ


ಮದ್ದೂರು
2 ಆಗಸ್ಟ್ 2025

ಪದ್ಮಿ,

ಬೈಯುತ್ತೇನೆ. ಬೈಸಿಕೊಳ್ಳಲೆಂದೇ ಬರೆದಿದ್ದೀಯ. ಬೈದುಬಿಟ್ಟರೆ ನಿನಗೆ ಹಗುರವಾಗುತ್ತದೆ. ಅದಕ್ಕೇ ಸ್ವಲ್ಪ ನಿಧಾನಿಸಿ ಬರೆಯುತ್ತಿದ್ದೇನೆ.

ನನಗೆ ಒಸಗೆಯಾದದ್ದು ಏಳನೇ ಕ್ಲಾಸಿನಲ್ಲಿ. ಹದಿನಾರು ದಿನ ಗುಡ್ಲಿನಲ್ಲಿ ಕೂರಿಸಿ, ಚಿಗಳಿ ತಿನ್ನಿಸಿ, ಸೋಬಾನೆ ಹೇಳಿ ಆರತಿ ಎತ್ತಿದರು. ಹದಿನೇಳನೇ ದಿನ ನಾನು ಪುಸ್ತಕದ ಚೀಲ ಹುಡುಕಿದರೆ ಅದರಲ್ಲಿ ಅವ್ವ ಹುಣಸೆಹಣ್ಣು ತುಂಬಿಟ್ಟಿದ್ದಳು. ಯಾರೂ ಸ್ಕೂಲು ಬಿಡು ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಹದಿನೇಳು ವರ್ಷಕ್ಕೆ ಮದುವೆ. ಎಸ್ಸೆಸ್ಸೆಲ್ಸಿ ಕಟ್ಟಿದ್ದು ಮೂವತ್ತೊಂದನೇ ವಯಸ್ಸಿನಲ್ಲಿ, ನನ್ನ ಮಗನ ಪೆನ್ಸಿಲ್ ತೆಗೆದುಕೊಂಡು ಹೋಗಿ. ಇದು ನಿನಗೆ ಗೊತ್ತಿರುವ ಕತೆ.

ನಿನ್ನ ಒಸಗೆಗೆ ನಾನು ಕಂಕುಳಲ್ಲಿ ಕೂಸು ಇಟ್ಟುಕೊಂಡು ಬಂದಿದ್ದೆ. ನಿನ್ನ ಪುಸ್ತಕದ ಚೀಲವನ್ನು ಅವ್ವ ಆಗಲೇ ಅಟ್ಟಕ್ಕೆ ಹಾಕಿದ್ದಳು. ನಿಮ್ಮ ಗುರುಬಸವ್ವ ಟೀಚರ್ ನೆನಪಿದೆಯಾ, ಧಾರವಾಡದ ಕಡೆಯಿಂದ ವರ್ಗವಾಗಿ ಬಂದವರು? ನಾನೇ ಅವರ ಮನೆಗೆ ಹೋಗಿ ‘ನೀವು ಬಂದು ಆರತಿ ಎತ್ತಬೇಕು’ ಎಂದು ಕರೆದೆ. ಇದು ನಿನಗೆ ಗೊತ್ತಿಲ್ಲದ ಕತೆ. ಅವರ ಮಡಿ ಬೇರೆ, ನಮ್ಮದು ಬೇರೆ. ನಮ್ಮ ಮನೆಯಲ್ಲಿ ಅವರು ನೀರೂ ಕುಡಿಯುವವರಲ್ಲ. ಆದರೂ ಬಂದರು. ಆರತಿ ಎತ್ತಿ, ಗುಡ್ಲಿನ ಮುಂದೆ ನೆಲದ ಮೇಲೆ ಕೂತು, ಎಲ್ಲರ ಎದುರು ಅಪ್ಪನಿಗೆ ಹೇಳಿದರು: ‘ಗೌಡ್ರ, ನಾ ಎತ್ತಿದ ಆರತಿ ಸುಳ್ಳಾಗಬಾರ್ದರಿ. ಸೋಮವಾರ ಹುಡುಗೀನ ಸಾಲಿಗಿ ಕಳಸ್ರಿ.’ ಆರತಿ ಎತ್ತಿದವರ ಮಾತು ತೆಗೆದುಹಾಕಲು ಅಪ್ಪನಿಗೆ ಆಗಲಿಲ್ಲ. ಅಷ್ಟೇ ನಿನ್ನ ಅಮೆರಿಕ.

ಅವರೂ ಜ್ವರ ಎಂದು ಹೇಳಿ ಕಳಿಸಿದ್ದರೆ?

ಹೋಗಿ ಎಲ್ವೀರಾಗೆ ನಿಜ ಹೇಳು. ಕಾಲಿಗೆ ಬೀಳು ಎನ್ನುವುದಿಲ್ಲ. ಕೂತು ಹೇಳು, ಕಣ್ಣು ನೋಡಿ ಹೇಳು. ಈ ವಾರವೇ ಹೇಳು. ಹಳಸಿದ ಅನ್ನ ಇಟ್ಟಷ್ಟೂ ನಾರುತ್ತದೆ.

ಅಕ್ಕ


ಫಾಸ್ಟರ್ ಸಿಟಿ
7 ಸೆಪ್ಟೆಂಬರ್ 2025, ಭಾನುವಾರ

ಅಕ್ಕ,

ಈ ವಾರವೇ ಹೇಳು ಎಂದಿದ್ದೆ. ನಾನು ಇಪ್ಪತ್ತಮೂರು ದಿನ ಬಿಟ್ಟೆ. ಆ ಇಪ್ಪತ್ತಮೂರು ದಿನ ಎಂಥ ತಪ್ಪಾಯಿತು ಎಂದು ಕೊನೆಯಲ್ಲಿ ನಿನಗೇ ತಿಳಿಯುತ್ತದೆ.

ಆಗಸ್ಟ್ 26, ಮಂಗಳವಾರ ರಜೆ ಹಾಕಿ ಮನೆಯಲ್ಲಿದ್ದೆ. ಎಲ್ವೀರಾ ಬಂದವಳು ‘ಕೊಮಾದ್ರೆ’ ಎಂದು ಕೆನ್ನೆಗೆ ಕೆನ್ನೆ ತಾಗಿಸಿದಳು. ಕೂರಿಸಿದೆ. ಕಾಫಿ ಕೊಟ್ಟೆ. ‘ನಂಗೆ ಅವತ್ತು ಜ್ವರ ಇರಲಿಲ್ಲ ಎಲ್ವೀರಾ’ ಅಂದೆ. ಅವಳು ‘ಏನು?’ ಅಂದಳು. ಇಂಗ್ಲಿಷು ಅರ್ಥವಾಗಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ಅರ್ಥವಾಗಿತ್ತು. ನಮ್ಮಲ್ಲಿ ಚಪ್ಪಲಿ ಅಂದರೆ ಏನು, ಪಾಟ್‌ಲಕ್ಕಿನಲ್ಲಿ ಏನಾಯಿತು, ಎಲ್ಲ ಹೇಳಿದೆ. ‘ನೀನು ನನ್ನನ್ನ ಕೀಳು ಮಾಡ್ದೆ ಅಂದ್ಕೊಂಡೆ’ ಅಂದೆ. ಹೇಳುತ್ತಾ ಹೇಳುತ್ತಾ ನನಗೇ ಕೇಳಿಸಿತು, ಮನೆಗೆಲಸದವಳ ಮಗಳು ಎಂಬುದನ್ನು ಬಿಟ್ಟು ಬೇರೆ ಎಲ್ಲವನ್ನೂ ಹೇಳುತ್ತಿದ್ದೇನೆ ಎಂದು. ಅದನ್ನೂ ಹೇಳಿದೆ. ಅದೇ ನಿಜವಾದ ಕಾರಣ ಅಕ್ಕ. ಯಾರೋ ಡಾಕ್ಟರ ಮಗಳ ಶೂ ಆಗಿದ್ದರೆ ನಾನು ಹಿಡಿದುಕೊಂಡು ಹೋಗುತ್ತಿದ್ದೆ. ಹಿಡಿದು ಫೋಟೋ ಹಾಕುತ್ತಿದ್ದೆ.

ಎಲ್ವೀರಾ ಕಪ್ಪಿನ ಹಿಡಿಯನ್ನು ಒರೆಸುತ್ತಾ ಕೂತಿದ್ದಳು. ಆಮೇಲೆ ಅವಳ ಹದಿನೈದರ ಕತೆ ಹೇಳಿದಳು. ಅಮ್ಮ ಸಾಕಿದ್ದ ಹಂದಿ ಮಾರಿ ಹಬ್ಬ ಮಾಡಿದರಂತೆ. ಊರಿನ ದೊಡ್ಡಮನೆಯ ಹೆಂಗಸನ್ನು ಕಾಡಿ ಬೇಡಿ ಶೂ ಮಾದ್ರೀನಾ ಮಾಡಿದರು. ಆಕೆ ಶೂಗಳನ್ನು ಆಳಿನ ಕೈಯಲ್ಲಿ ಕಳಿಸಿದಳು, ತಾನು ಬರಲಿಲ್ಲ. ‘ಮುಂದಿನ ತಿಂಗಳಿಂದ ಆ ಮನೆಯ ನೆಲ ಒರೆಸೋಕೆ ಹೋದೆ. ಹದಿನಾರಕ್ಕೆ ಮದುವೆ. ಹದಿನೈದು ಆಯ್ತು ಅಂದ್ರೆ ಹುಡುಗಿ ತಯಾರಾದಳು ಅಂತ. ಯಾತಕ್ಕೆ ತಯಾರು? ಇದಕ್ಕೇ’ ಎಂದು ಕೈ ತೋರಿಸಿದಳು. ನನ್ನ ಅಡಿಗೆಮನೆಯ ಕಡೆಗೆ.

‘ಯಾರೆಲಿಗೆ ಹಾಗಾಗಬಾರದು ಅಂತಾನೇ ನಿಮ್ಮನ್ನ ಕೇಳಿದ್ದು. ಓದಿದ ಹೆಂಗಸು, ಆಫೀಸಿಗೆ ಹೋಗೋ ಹೆಂಗಸು ತಂದ ಶೂ ಹಾಕ್ಕೊಂಡು ಅವಳು ಎದ್ದು ನಿಲ್ಲಬೇಕು ಅಂತ. ಅಮ್ಮ ಬೇಡ ಅಂದಳು. ಕೆಲಸ ಕೊಟ್ಟವರು ಬರಲ್ಲ ಮಗಳೇ, ನಿನಗೆ ಬುದ್ಧಿ ಬಂದಿಲ್ವಾ ಅಂದಳು. ನಾನು ಜಗಳ ಆಡಿದೆ. ಪದ್ಮಾ ಕೆಲಸ ಕೊಟ್ಟವಳಲ್ಲ, ನನ್ನ ಸ್ನೇಹಿತೆ ಅಂದೆ.’

ನಾನು ಅವಳ ಕಣ್ಣು ನೋಡಬೇಕೆಂದು ನೀನು ಬರೆದಿದ್ದೆ. ನೋಡಲಾಗಲಿಲ್ಲ. ‘ನಿಮ್ಮಮ್ಮನಿಗೆ ನಾನೇ ಫೋನಲ್ಲಿ ತಪ್ಪಾಯ್ತು ಅಂತ ಹೇಳ್ತೀನಿ’ ಅಂದೆ.

ಆಗ ಅವಳಿಗೆ ಸಿಟ್ಟು ಬಂತು. ಅದುವರೆಗೂ ಬಂದಿರಲಿಲ್ಲ. ‘ಬೇಡ. ಅಮ್ಮನಿಗೆ ಒಂದು ಮಾತೂ ಹೇಳಕೂಡದು’ ಅಂದಳು. ಮಿಕ್ಕಿದ್ದನ್ನು ಹೇಳಲು ಅವಳಿಗೂ ಕಷ್ಟವಾಯಿತು.

ವೀಸಾ ಸಿಗದೆ ಆ ಅಮ್ಮ, ಯಾರೆಲಿಯ ಅಜ್ಜಿ, ಮೆಕ್ಸಿಕೋದ ಊರಿನಲ್ಲೇ ಕೂತು ಫೋನಿನಲ್ಲಿ ಹಬ್ಬ ನೋಡುತ್ತಿದ್ದರಂತೆ. ಖಾಲಿ ಕುರ್ಚಿ ಕಂಡಾಗ ತನ್ನ ಮಾತೇ ನಿಜವಾಯಿತು ಅಂದುಕೊಂಡರು. ಅಷ್ಟರಲ್ಲಿ ಪಾದ್ರಿ ನನ್ನ ಹೆಸರು ಹೇಳಿ, ಈಕೆಗೆ ವಿಪರೀತ ಜ್ವರ, ಪ್ರಾರ್ಥಿಸೋಣ ಅಂದರು. ಒಬ್ಬ ಒಳ್ಳೆಯ ಹೆಂಗಸಿನ ಬಗ್ಗೆ ಕೆಟ್ಟದ್ದು ಎಣಿಸಿಬಿಟ್ಟೆನಲ್ಲ ಎಂದು ಅಜ್ಜಿಗೆ ಪಾಪಪ್ರಜ್ಞೆ ಬಂತು. ಅಲ್ಲೇ ಹರಕೆ ಹೊತ್ತರು. ಮಗಳ ಕೊಮಾದ್ರೆ ಬದುಕಿ ಎದ್ದರೆ ದೇವಮಾತೆಯ ಗುಡಿಗೆ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು. ಅವರ ಊರಿನಿಂದ ಎರಡು ದಿನದ ದಾರಿ. ಅಜ್ಜಿಗೆ ಎಪ್ಪತ್ತೊಂದು ವರ್ಷ.

‘ಹಾಗಾದ್ರೆ ಈಗಲೇ ಹೇಳಬೇಕು, ಅವರು ನಡೆಯೋದು ಬೇಡ’ ಎಂದು ನಾನು ಎದ್ದೆ.

‘ಆಗಸ್ಟ್ ಹದಿನೈದಕ್ಕೆ ನಡೆದಾಯ್ತು’ ಅಂದಳು ಎಲ್ವೀರಾ.

ಅಕ್ಕ, ನಿನ್ನ ಕಾಗದ ನನಗೆ ಬಂದದ್ದು ಮೂರನೇ ತಾರೀಖು.

ಅಜ್ಜಿಯ ಅಂಗಾಲು ಕಿತ್ತುಹೋಗಿ ಇನ್ನೂ ಮಾಗಿಲ್ಲವಂತೆ. ಆದರೆ ಬಹಳ ಸಂತೋಷದಲ್ಲಿದ್ದಾರಂತೆ. ಬೀದಿಯಲ್ಲಿ ಎಲ್ಲರಿಗೂ ಹೇಳಿದ್ದಾರೆ, ನನ್ನ ಮಗಳು ಆರಿಸಿದ ಕೊಮಾದ್ರೆ ಸಾವಿನ ದವಡೆಯಿಂದ ಪಾರಾದಳು, ನನ್ನದೇ ತಪ್ಪೆಣಿಕೆ, ಮಗಳಿಗೆ ಮನುಷ್ಯರನ್ನು ಗುರುತಿಸುವುದು ಗೊತ್ತು ಎಂದು. ‘ಮೂವತ್ತು ವರ್ಷದಲ್ಲಿ ಅಮ್ಮ ನನ್ನ ಬಗ್ಗೆ ಒಳ್ಳೇ ಮಾತು ಆಡಿದ್ದು ಇದೊಂದೇ ಸಲ. ಅದನ್ನ ನೀವು ತಗೊಂಡು ಹೋಗಬೇಡಿ’ ಅಂದಳು.

ಅವಳು ಕೆಲಸ ಬಿಡುತ್ತಾಳೆ ಎಂದುಕೊಂಡೆ. ಬಿಟ್ಟಿಲ್ಲ. ಮಂಗಳವಾರ, ಶುಕ್ರವಾರ ಬರುತ್ತಾಳೆ. ಮನೆಯೊಳಗೆ ಈಗ ನನ್ನನ್ನು ಮಿಸೆಸ್ ವೆಂಕಟೇಶ್ ಎನ್ನುತ್ತಾಳೆ. ನಾನು ಕ್ಷಮೆ ಕೇಳಿದೆ, ಮೂರು ಸಲ. ‘ಸರಿ’ ಅನ್ನುತ್ತಾಳೆ. ನಮ್ಮಲ್ಲಿ ಸೋದರತ್ತೆಯರು ‘ಸರಿ ಬಿಡಮ್ಮ’ ಅನ್ನುತ್ತಿದ್ದರಲ್ಲ, ಹಾಗೆ.

ಮೊನ್ನೆ ಶುಕ್ರವಾರ ಅವಳು ಪಾತ್ರೆ ತೊಳೆಯುತ್ತಿದ್ದಾಗ ಊರಿನಿಂದ ವಿಡಿಯೋ ಕಾಲ್ ಬಂತು. ಅಜ್ಜಿ ನನ್ನನ್ನು ನೋಡಲೇಬೇಕು ಎಂದು ಹಟ ಹಿಡಿದಿದ್ದರು. ಎಲ್ವೀರಾ ಫೋನನ್ನು ಮ್ಯೂಟ್ ಮಾಡಿ ನನ್ನ ಹತ್ತಿರ ಬಂದಳು. ‘ಜೂನ್‌ನಲ್ಲಿ ನಿಮ್ಮ ಪರವಾಗಿ ನಾನೇ ಎಲ್ಲರಿಗೂ ಜ್ವರ ಅಂತ ಹೇಳಿದೆ. ಸುಳ್ಳು ಅಂತ ನನಗೆ ಗೊತ್ತಿರಲಿಲ್ಲ. ಈಗ ಗೊತ್ತು. ಈ ಸಲ ನೀವೇ ಹೇಳಿ, ಸ್ಪ್ಯಾನಿಶ್‌ನಲ್ಲಿ’ ಎಂದು ಎರಡು ಮಾತು ಹೇಳಿಕೊಟ್ಟಳು. ನನ್ನ ನಾಲಿಗೆ ಹೊರಳಲಿಲ್ಲ. ನಿಂತು, ತಾಳ್ಮೆಯಿಂದ, ಮೂರು ಸಲ ತಿದ್ದಿದಳು.

ಫೋನಿನಲ್ಲಿ ಒಂದು ಸಣ್ಣ ಮುಖ, ಬಿಳಿ ಜಡೆ, ಹೆಗಲ ಮೇಲೆ ಶಾಲು. ನನ್ನನ್ನು ನೋಡಿದ ಕೂಡಲೇ ಅಜ್ಜಿ ಕಾಲನ್ನು ಎದುರಿಗಿದ್ದ ಬುಟ್ಟಿಯೊಂದರ ಹಿಂದಕ್ಕೆ ಸರಿಸಿಕೊಂಡರು, ಬ್ಯಾಂಡೇಜು ಕಂಡರೆ ನನಗೆ ನೋವಾಗುತ್ತದೆ ಎಂದು ಇರಬೇಕು. ಜ್ವರ ಪೂರ್ತಿ ಹೋಯಿತಾ ಎಂದು ಕೇಳಿದರು. ಆ ಒಂದು ಮಾತು ನನಗೆ ಅರ್ಥವಾಯಿತು.

ಎಲ್ವೀರಾ ನನ್ನ ಮುಖ ನೋಡಲಿಲ್ಲ. ಫೋನನ್ನು ಮಾತ್ರ ಅಲುಗಾಡದ ಹಾಗೆ ಹಿಡಿದಿದ್ದಳು.

ಹೌದು, ಪೂರ್ತಿ ಗುಣವಾಯಿತು ಎಂದೆ. ಒಂದು ಅಕ್ಷರವೂ ತಪ್ಪಲಿಲ್ಲ.

ನಿನ್ನ ತಂಗಿ
ಪದ್ಮಜಾ